ಚಂಡಮಾರುತ: ಹೆಸರು, ದರ್ಜೆ, ದಾರಿ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಮಾತಿನ ಬರಹರೂಪ)



ಈ ಸಲ ವಿಜ್ಞಾನದ ವಿಷಯ ಇರಲಿ, ಆದರೆ ಮನೆಮಂದಿಗೆಲ್ಲ ಉಪಯೋಗಕ್ಕೆ ಬರುವಂತಿರಲಿ ಎಂದು ಕಾರ್ಯದರ್ಶಿಯವರು ಹೇಳಿದರು. ನಾನು ಹವಾಮಾನ ತಜ್ಞೆಯಲ್ಲ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಅಂಕಿ ಅಂಶ, ನಕ್ಷೆ, ಮುನ್ಸೂಚನೆ ಇವುಗಳನ್ನು ಬಿಡಿಸಿ ನೋಡುವ ಅಭ್ಯಾಸವಿದೆ, ಅಷ್ಟೇ. ಆ ಧೈರ್ಯದ ಮೇಲೆ ಇವತ್ತು ಚಂಡಮಾರುತದ ಬಗ್ಗೆ ಮಾತಾಡುತ್ತೇನೆ.

ಪುಣೆಯಲ್ಲಿ ಕೂತು ಚಂಡಮಾರುತದ ಮಾತು ಯಾಕೆ ಎಂದು ನಿಮಗನ್ನಿಸಬಹುದು. ಸಮುದ್ರ ನೂರು ಕಿಲೋಮೀಟರ್ ಆಚೆ ಇದೆ, ನಡುವೆ ಸಹ್ಯಾದ್ರಿಯ ಗೋಡೆ ಇದೆ. ಆದರೂ 2020ರ ಜೂನ್ 3ರಂದು ಅಲಿಬಾಗ್‌ನ ದಕ್ಷಿಣಕ್ಕೆ ದಡ ಸೇರಿದ 'ನಿಸರ್ಗ' ಚಂಡಮಾರುತ ನಮ್ಮ ಊರಿನ ಮರಗಳನ್ನೂ ಉರುಳಿಸಿತು. ಲಾಕ್‌ಡೌನ್ ದಿನಗಳಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದೆವು, ಕಿಟಕಿಯಿಂದ ಎಲ್ಲವನ್ನೂ ನೋಡಿದೆವು. ಕೊಂಕಣದ ಶ್ರೀವರ್ಧನ, ಹರಿಹರೇಶ್ವರ ಕಡೆ ತೆಂಗು, ಅಡಿಕೆ ತೋಟಗಳು ನೆಲಕಚ್ಚಿದವು. ಒಂದು ಅಡಿಕೆ ತೋಟ ಮತ್ತೆ ಫಲಕ್ಕೆ ಬರಲು ಎಷ್ಟು ವರ್ಷ ಬೇಕು ಎಂಬುದು ಶಿರಸಿ, ಸಾಗರ, ಪುತ್ತೂರು ಕಡೆಯಿಂದ ಬಂದವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಕಾರಣವೂ ಇದೆ. ಭಾರತದ ಹವಾಮಾನ ವಿಜ್ಞಾನಕ್ಕೆ ಪುಣೆ ಒಂದು ತವರುಮನೆ. ಶಿವಾಜಿನಗರದಲ್ಲಿ ಬಸ್ ಹತ್ತುವವರಿಗೆಲ್ಲ 'ಸಿಮ್ಲಾ ಆಫೀಸ್' ಗೊತ್ತು. ಪುಣೆಯಲ್ಲಿ ಸಿಮ್ಲಾ ಎಲ್ಲಿಂದ ಬಂತು? ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದರ ಕೇಂದ್ರ ಕಚೇರಿ ಮೊದಲು ಕಲ್ಕತ್ತದಲ್ಲಿತ್ತು, ಆಮೇಲೆ ಸಿಮ್ಲಾಕ್ಕೆ ಹೋಯಿತು, 1928ರಲ್ಲಿ ಪುಣೆಗೆ ಬಂತು. ಸಿಮ್ಲಾದಿಂದ ಬಂದ ಆಫೀಸು ಜನರ ಬಾಯಲ್ಲಿ ಸಿಮ್ಲಾ ಆಫೀಸಾಗಿಯೇ ಉಳಿಯಿತು. 1944ರಲ್ಲಿ ಕೇಂದ್ರ ಕಚೇರಿ ದೆಹಲಿಗೆ ಹೋದರೂ ಇಲ್ಲಿನ ಕೆಲಸ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅನ್ನಾ ಮಣಿ 1948ರಲ್ಲಿ ಪುಣೆಯ ಇದೇ ಇಲಾಖೆಗೆ ಸೇರಿದರು. ಆವರೆಗೆ ಹೊರದೇಶದಿಂದ ತರಿಸುತ್ತಿದ್ದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಿಸುವ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಮುಖ್ಯರು. ಪಾಷಾಣ್ ರಸ್ತೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ, ಅಂದರೆ ಐಐಟಿಎಂ ಇದೆ. ಮುನ್ಸೂಚನೆಯ ಲೆಕ್ಕ ಹಾಕುವ ದೊಡ್ಡ ಸೂಪರ್ ಕಂಪ್ಯೂಟರುಗಳಲ್ಲಿ ಒಂದು ಅಲ್ಲಿದೆ. ಹಾಗಾಗಿ ಇದು ನಮ್ಮ ಊರಿನ ವಿಷಯವೇ.

ಮೊದಲು ಪದಗಳನ್ನು ನೋಡೋಣ. ಸೈಕ್ಲೋನ್, ಹರಿಕೇನ್, ಟೈಫೂನ್ ಈ ಮೂರೂ ಒಂದೇ ಜಾತಿಯವು. ಅಟ್ಲಾಂಟಿಕ್ ಸಾಗರದಲ್ಲೂ ಅಮೆರಿಕದ ಪಶ್ಚಿಮ ಕರಾವಳಿಯ ಕಡೆಯೂ ಎದ್ದರೆ ಹರಿಕೇನ್. ಜಪಾನ್, ಚೀನಾ, ಫಿಲಿಪೈನ್ಸ್ ಇರುವ ಪಶ್ಚಿಮ ಪೆಸಿಫಿಕ್‌ನಲ್ಲಿ ಎದ್ದರೆ ಟೈಫೂನ್. ನಮ್ಮ ಕಡೆ ಸೈಕ್ಲೋನ್. ಊರಿಗೊಂದು ಹೆಸರಷ್ಟೇ. ನಮ್ಮ ಕರಾವಳಿಯವರು ಹೇಳುವ 'ತೂಫಾನು' ಟೈಫೂನಿನ ಒಡಹುಟ್ಟು. 'ಸೈಕ್ಲೋನ್' ಎಂಬ ಪದ ಹುಟ್ಟಿದ್ದು ನಮ್ಮ ದೇಶದಲ್ಲೇ. ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬಾತ ನಾವಿಕರಿಗಾಗಿ 1848ರಲ್ಲಿ ಒಂದು ಕೈಪಿಡಿ ಬರೆದ. ಬಂಗಾಳ ಕೊಲ್ಲಿಯ ಬಿರುಗಾಳಿಗಳು ಸುತ್ತಿಕೊಂಡ ಹಾವಿನಂತೆ ಕಾಣುತ್ತವೆ ಎಂದು ಗ್ರೀಕ್ ಭಾಷೆಯಿಂದ ಈ ಪದ ಕಟ್ಟಿದ. ಆತನ ಕಾಲದಲ್ಲಿ ಉಪಗ್ರಹ ಇರಲಿಲ್ಲ. ಹಡಗಿನವರು ಬರೆದಿಟ್ಟ ಗಾಳಿಯ ದಿಕ್ಕು, ಒತ್ತಡ ಇವುಗಳನ್ನು ಒಂದು ನಕ್ಷೆಯ ಮೇಲೆ ಕೂಡಿಸಿ ಸುರುಳಿಯ ಆಕಾರವನ್ನು ಕಂಡುಕೊಂಡ.

ಚಂಡಮಾರುತ ಹುಟ್ಟುವುದು ಹೇಗೆ ಎಂಬುದನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಕುದಿಯುವ ನೀರು ತಾಗಿದರೆ ಸುಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಆವಿ ತಾಗಿದರೆ ಇನ್ನೂ ಹೆಚ್ಚು ಸುಡುತ್ತದೆ. ಆವಿ ಮತ್ತೆ ನೀರಾಗುವಾಗ ತನ್ನೊಳಗೆ ಬಚ್ಚಿಟ್ಟ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಸಮುದ್ರದ ಮೇಲ್ಪದರ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅಲ್ಲಿಂದ ಯಥೇಚ್ಛ ಆವಿ ಏಳುತ್ತದೆ, ಮೇಲೆ ಹೋಗಿ ಮೋಡವಾಗುವಾಗ ಶಾಖ ಬಿಡುತ್ತದೆ. ಅಲ್ಲಿನ ಗಾಳಿ ಹಗುರಾಗಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಒಳಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ನುಗ್ಗದೆ ಸುತ್ತುತ್ತದೆ. ನಮ್ಮ ಉತ್ತರಾರ್ಧದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ, ಆಸ್ಟ್ರೇಲಿಯಾ ಕಡೆ ಮುಳ್ಳಿನ ದಿಕ್ಕಿನಲ್ಲಿ. ನೆಲಕ್ಕೆ ಬಂದ ಮೇಲೆ ಬಿಸಿನೀರಿನ ಒಲೆ ಸಿಗದೆ ಅದು ಸೊರಗುತ್ತದೆ.

ಈಗ ದರ್ಜೆಯ ವಿಷಯ. ನಮ್ಮ ಹವಾಮಾನ ಇಲಾಖೆ ಇವುಗಳನ್ನು ಗಾಳಿಯ ವೇಗ ನೋಡಿ ವಿಂಗಡಿಸುತ್ತದೆ. ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 50 ಆದರೆ ವಾಯುಭಾರ ಕುಸಿತ. 51ರಿಂದ 62 ಆದರೆ ತೀವ್ರ ವಾಯುಭಾರ ಕುಸಿತ. 63 ದಾಟಿದರೆ ಚಂಡಮಾರುತ. 89 ದಾಟಿದರೆ ತೀವ್ರ ಚಂಡಮಾರುತ, 118 ದಾಟಿದರೆ ಅತಿ ತೀವ್ರ, 166 ದಾಟಿದರೆ ಅತ್ಯಂತ ತೀವ್ರ, 221 ಮುಟ್ಟಿದರೆ ಸೂಪರ್ ಸೈಕ್ಲೋನ್. ನಮ್ಮ ಪತ್ರಿಕೆಗಳಲ್ಲಿ ಮೊದಲಿನ ಮೂರಕ್ಕೂ 'ವಾಯುಭಾರ ಕುಸಿತ' ಎಂದೇ ಬರೆಯುವುದುಂಟು. ಅದರಿಂದ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈ ಅಂಕಿಗಳನ್ನು ನೋಡುವಾಗ ಎರಡು ಸಂಗತಿ ನೆನಪಿರಲಿ. ಒಂದು, ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. 60 ಕಿ.ಮೀ. ಗಾಳಿಗೆ ಅಲುಗಾಡಿದ ಶೀಟು 120ಕ್ಕೆ ಹಾರಿಹೋಗುತ್ತದೆ. ಎರಡು, ಒಂದೇ ಚಂಡಮಾರುತಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ವೇಗ ಹೇಳುವುದನ್ನು ನೀವು ನೋಡಿರಬಹುದು. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಆದ್ದರಿಂದ ಸರಾಸರಿ ತೆಗೆಯುತ್ತಾರೆ. ನಮ್ಮವರು 3 ನಿಮಿಷದ ಸರಾಸರಿ ಹಿಡಿಯುತ್ತಾರೆ. ಜಪಾನಿನವರು 10 ನಿಮಿಷದ್ದು. ಹವಾಯಿಯಲ್ಲಿರುವ ಅಮೆರಿಕದ ಟೈಫೂನ್ ಎಚ್ಚರಿಕೆ ಕೇಂದ್ರ 1 ನಿಮಿಷದ್ದು. ಅವಧಿ ಚಿಕ್ಕದಾದಷ್ಟೂ ಅಂಕಿ ದೊಡ್ಡದಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ವಿದೇಶಿ ಆ್ಯಪ್‌ಗಳ ಚಿತ್ರ ನೋಡಿ 'ನಮ್ಮವರು ಕಡಿಮೆ ಹೇಳಿದರು' ಎಂದು ಗಾಬರಿಯಾಗುವ ಮುಂಚೆ ಇದನ್ನು ನೆನೆಸಿಕೊಳ್ಳಿ.

ಇನ್ನು ಅದರ ದಾರಿ ಹಿಡಿಯುವ ಕೆಲಸ. ನಡುಗಡಲಿನಲ್ಲಿ ಗಾಳಿ ಅಳೆಯುವವರು ಯಾರಿದ್ದಾರೆ? ಮುಖ್ಯ ಆಧಾರ ಉಪಗ್ರಹ. ನಮ್ಮ ಇನ್ಸಾಟ್ ಸರಣಿಯ ಉಪಗ್ರಹಗಳು ಹಗಲು ರಾತ್ರಿ ಮೋಡಗಳ ಚಿತ್ರ ಕಳಿಸುತ್ತಲೇ ಇರುತ್ತವೆ. 1970ರ ದಶಕದಲ್ಲಿ ವರ್ನಾನ್ ಡ್ವೊರಾಕ್ ಎಂಬ ಅಮೆರಿಕದ ವಿಜ್ಞಾನಿ ಮೋಡದ ಸುರುಳಿಯ ಆಕಾರ ನೋಡಿಯೇ ಗಾಳಿಯ ವೇಗ ಅಂದಾಜಿಸುವ ಕ್ರಮವೊಂದನ್ನು ರೂಪಿಸಿದ. ಸುರುಳಿ ಎಷ್ಟು ಸುತ್ತಿಕೊಂಡಿದೆ, ನಡುವೆ 'ಕಣ್ಣು' ಮೂಡಿದೆಯೇ, ಕಣ್ಣಿನ ಸುತ್ತಲ ಮೋಡ ಎಷ್ಟು ತಣ್ಣಗಿದೆ ಎಂಬುದನ್ನು ನೋಡಿ ಅಂಕ ಕೊಡುತ್ತಾರೆ. ಅಂಕ 2.5 ಆದರೆ ಚಂಡಮಾರುತ, 4 ಆದರೆ ಅತಿ ತೀವ್ರ. ವೈದ್ಯರು ಎಕ್ಸ್‌ರೇ ಓದುವ ಹಾಗೆ ಪಳಗಿದ ಕಣ್ಣು ಬೇಕಾದ ಕೆಲಸ ಇದು. ಇದರ ಜೊತೆಗೆ ಸಮುದ್ರದಲ್ಲಿ ತೇಲಿಬಿಟ್ಟ ಬೋಯ್‌ಗಳು, ಹಡಗುಗಳ ವರದಿ, ದಡಕ್ಕೆ ಸುಮಾರು 400 ಕಿ.ಮೀ. ಹತ್ತಿರ ಬಂದ ಮೇಲೆ ಡಾಪ್ಲರ್ ರಾಡಾರ್. ಇದೆಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು ಮುಂದಿನ ದಾರಿಯ ಲೆಕ್ಕ ಹಾಕುತ್ತಾರೆ.

ಆ ಲೆಕ್ಕದ ಫಲವೇ ಟಿ.ವಿ.ಯಲ್ಲಿ ಕಾಣುವ ನಕ್ಷೆ. ನಡುವೆ ಒಂದು ಗೆರೆ, ಅದರ ಸುತ್ತ ಹೋಗುತ್ತ ಹೋಗುತ್ತ ಅಗಲವಾಗುವ ಬುಟ್ಟಿಯಂಥ ಆಕಾರ. ಎಲ್ಲರ ಕಣ್ಣೂ ಗೆರೆಯ ಮೇಲಿರುತ್ತದೆ. ಗೆರೆ ನಮ್ಮೂರಿನ ಮೇಲೆ ಇಲ್ಲವಲ್ಲ ಎಂದು ಸಮಾಧಾನಪಡುತ್ತೇವೆ. ಆದರೆ ಅಗಲವಾಗುತ್ತ ಹೋಗುವ ಆ ಆಕಾರ ಹೇಳುವುದು ಇಷ್ಟೇ: ಚಂಡಮಾರುತದ ನಡುಬಿಂದು ಇದರೊಳಗೆ ಎಲ್ಲಾದರೂ ಇರಬಹುದು. ಹಿಂದಿನ ವರ್ಷಗಳ ಮುನ್ಸೂಚನೆ ಎಷ್ಟು ತಪ್ಪಿತ್ತು ಎಂಬ ಲೆಕ್ಕದ ಮೇಲೆ ಅದರ ಅಗಲ ನಿಂತಿದೆ. ಹಾನಿ ಎಲ್ಲಿಯವರೆಗೆ ಆಗುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ.

2021ರ ಮೇ ತಿಂಗಳ 'ತೌಕ್ತೆ' ಇದಕ್ಕೆ ಸಾಕ್ಷಿ. ಅದು ದಡ ಸೇರಿದ್ದು ಮೇ 17ರ ರಾತ್ರಿ, ಗುಜರಾತಿನಲ್ಲಿ. ನಮ್ಮ ಕರಾವಳಿಯ ಪಕ್ಕದಲ್ಲಿ ಕಡಲಿನಲ್ಲೇ ಹಾದುಹೋಯಿತು. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಮನೆಗಳು ಬಿದ್ದವು, ಕಡಲು ರಸ್ತೆಯನ್ನೇ ನುಂಗಿತು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಲ್ಲಿದ್ದ ಒಂಬತ್ತು ಜನರನ್ನು ಕರಾವಳಿ ಕಾವಲು ಪಡೆ, ನೌಕಾಪಡೆಯವರು ಪಾರುಮಾಡಿದರು. ಮುಂಬಯಿಯಾಚೆ ಎಣ್ಣೆ ಬಾವಿಗಳ ಬಳಿ ಇದ್ದ ಪಿ-305 ಎಂಬ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಬಾರ್ಜ್ ಬಂದರಿಗೆ ಮರಳಿರಲಿಲ್ಲ. ಮುನ್ಸೂಚನೆ ಸರಿಯಾಗಿದ್ದರೆ ಸಾಲದು, ಅದನ್ನು ಕೇಳಿಸಿಕೊಂಡು ಯಾರಾದರೂ ಒಂದು ತೀರ್ಮಾನ ಮಾಡಬೇಕು.

ಈಗ ನಿಮ್ಮೆಲ್ಲರಿಗೂ ಇಷ್ಟವಾದ ವಿಷಯ, ನಾಮಕರಣ. ನಮ್ಮಲ್ಲಿ ಮಗುವಿನ ಮುಖ ನೋಡಿ, ನಕ್ಷತ್ರ ನೋಡಿ ಹೆಸರಿಡುತ್ತೇವೆ. ಚಂಡಮಾರುತದ ಹೆಸರು ಅದು ಹುಟ್ಟುವ ಎಷ್ಟೋ ವರ್ಷ ಮೊದಲೇ ಪಟ್ಟಿಯಲ್ಲಿ ಕಾದು ಕೂತಿರುತ್ತದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಸುತ್ತಲಿನ ದೇಶಗಳು 2000ನೇ ಇಸವಿಯಲ್ಲಿ ಒಮಾನಿನ ಮಸ್ಕತ್‌ನಲ್ಲಿ ಸೇರಿ ಹೆಸರಿಡಲು ಒಪ್ಪಿದವು. 2004ರಲ್ಲಿ ಪಟ್ಟಿ ಜಾರಿಗೆ ಬಂತು. ಎಂಟು ದೇಶ, ದೇಶಕ್ಕೆ ಎಂಟು ಹೆಸರು, ಒಟ್ಟು 64. ಮೊದಲನೆಯದು ಬಾಂಗ್ಲಾದೇಶ ಕೊಟ್ಟ 'ಒನಿಲ್', ಕೊನೆಯದು ಥಾಯ್ಲೆಂಡ್ ಕೊಟ್ಟ 'ಅಂಫಾನ್'. 2020ರ ಮೇ ತಿಂಗಳಲ್ಲಿ ಬಂಗಾಳವನ್ನು ಬಡಿದ ಅಂಫಾನ್ ತನ್ನ ಸರದಿಗಾಗಿ 16 ವರ್ಷ ಕಾದಿತ್ತು.

2020ರ ಏಪ್ರಿಲ್‌ನಲ್ಲಿ ಹೊಸ ಪಟ್ಟಿ ಬಂತು. ಈಗ 13 ದೇಶ, ದೇಶಕ್ಕೆ 13 ಹೆಸರು, ಒಟ್ಟು 169. ಬಾಂಗ್ಲಾದೇಶ, ಭಾರತ, ಇರಾನ್, ಮಾಲ್ಡೀವ್ಸ್, ಮ್ಯಾನ್ಮಾರ್, ಒಮಾನ್, ಪಾಕಿಸ್ತಾನ, ಕತಾರ್, ಸೌದಿ ಅರೇಬಿಯಾ, ಶ್ರೀಲಂಕಾ, ಥಾಯ್ಲೆಂಡ್, ಯುಎಇ, ಯೆಮನ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ದೇಶಗಳ ಸರದಿ. ಗಾಳಿ 63 ಕಿ.ಮೀ. ಮುಟ್ಟಿ ಚಂಡಮಾರುತವಾಯಿತು ಎಂದು ದೆಹಲಿಯ ಕೇಂದ್ರ ಖಚಿತಪಡಿಸಿದ ತಕ್ಷಣ ಸರದಿಯಲ್ಲಿರುವ ಹೆಸರು ಅದಕ್ಕೆ ಬರುತ್ತದೆ. ಬಂಗಾಳ ಕೊಲ್ಲಿಯದೇ ಆಗಲಿ, ಅರಬ್ಬಿ ಸಮುದ್ರದ್ದೇ ಆಗಲಿ, ಪಟ್ಟಿ ಒಂದೇ.

ಹೊಸ ಪಟ್ಟಿಯ ಮೊದಲ ಹೆಸರೇ 'ನಿಸರ್ಗ'. ಕೊಟ್ಟದ್ದು ಬಾಂಗ್ಲಾದೇಶ, ಆದರೆ ಕನ್ನಡದಲ್ಲೂ ಮರಾಠಿಯಲ್ಲೂ ಅದೇ ಪದ, ಅದೇ ಅರ್ಥ. 'ತೌಕ್ತೆ' ಮ್ಯಾನ್ಮಾರಿನ ಹೆಸರು, ಅಂದರೆ ದೊಡ್ಡ ದನಿಯ ಒಂದು ಹಲ್ಲಿ. 2023ರ ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಸುಮಾರು 13 ದಿನ ಸುತ್ತಾಡಿದ 'ಬಿಪರ್‌ಜಾಯ್' ಬಂಗಾಳಿಯಲ್ಲಿ ವಿಪತ್ತು. ನಮ್ಮ 'ವಿಪರ್ಯಯ'ವೇ ಅಲ್ಲಿ ಹಾಗಾಗಿದೆ. ಭಾರತ ಕೊಟ್ಟ 13 ಹೆಸರುಗಳಲ್ಲಿ ಗತಿ, ತೇಜ್, ವ್ಯೋಮ್, ನೀರ್, ಪ್ರಭಂಜನ್, ಅಂಬುದ್, ಜಲಧಿ, ವೇಗ ಇವೆಲ್ಲ ನಮಗೆ ಗುರುತಿರುವ ಪದಗಳೇ. ತಮಿಳಿನ 'ಮುರಸು' ಕೂಡ ಇದೆ. 'ಗತಿ' 2020ರಲ್ಲಿ ಸೊಮಾಲಿಯಾಕ್ಕೆ ಹೋಯಿತು, 'ತೇಜ್' 2023ರಲ್ಲಿ ಯೆಮನ್‌ಗೆ.

ಹೆಸರಿಗೆ ನಿಯಮಗಳಿವೆ. ಇಂಗ್ಲಿಷಿನಲ್ಲಿ ಎಂಟು ಅಕ್ಷರ ಮೀರಬಾರದು. ಉಚ್ಚರಿಸಲು ಸುಲಭವಿರಬೇಕು. ರಾಜಕೀಯ, ಧರ್ಮ, ಸಂಸ್ಕೃತಿ, ಲಿಂಗ ಯಾವುದರ ಪರವೂ ಇರಬಾರದು. ಯಾರ ಮನಸ್ಸಿಗೂ ನೋವಾಗಬಾರದು. ಒಮ್ಮೆ ಬಳಸಿದ ಹೆಸರನ್ನು ನಮ್ಮ ಕಡಲಿನಲ್ಲಿ ಮತ್ತೆ ಬಳಸುವುದಿಲ್ಲ. ಪೆಸಿಫಿಕ್‌ನ ಟೈಫೂನ್‌ಗಳಿಗೆ ಬೇರೆ ಕ್ರಮ. ಅಲ್ಲಿ 14 ಸದಸ್ಯರು ಹತ್ತತ್ತು ಹೆಸರು ಕೊಟ್ಟು 140ರ ಪಟ್ಟಿ ಮಾಡಿದ್ದಾರೆ. ಅದು ಮುಗಿದರೆ ಮತ್ತೆ ಮೊದಲಿನಿಂದ. ಬಹಳ ಹಾನಿ ಮಾಡಿದ ಹೆಸರನ್ನು ಮಾತ್ರ ಕೈಬಿಡುತ್ತಾರೆ. 2013ರಲ್ಲಿ ಫಿಲಿಪೈನ್ಸನ್ನು ನಡುಗಿಸಿದ 'ಹೈಯಾನ್' ಹಾಗೆ ಪಟ್ಟಿಯಿಂದ ಹೊರಬಿತ್ತು. ಫಿಲಿಪೈನ್ಸಿನವರು ತಮ್ಮ ಜನಕ್ಕೆ ಬೇಗ ಅರ್ಥವಾಗಲಿ ಎಂದು ತಮ್ಮದೇ ಹೆಸರೂ ಇಟ್ಟುಕೊಳ್ಳುತ್ತಾರೆ. ಹೈಯಾನ್ ಅವರಿಗೆ 'ಯೋಲಾಂಡಾ'. ಒಂದು ಕಡಲಿನಲ್ಲಿ ಹೆಸರು ಪಡೆದದ್ದು ಇನ್ನೊಂದಕ್ಕೆ ದಾಟಿದರೆ ಹಳೆಯ ಹೆಸರೇ ಉಳಿಯುತ್ತದೆ. 2019ರ ಜನವರಿಯಲ್ಲಿ ಥಾಯ್ಲೆಂಡ್ ದಾಟಿ ನಮ್ಮ ಅಂಡಮಾನ್ ಸಮುದ್ರಕ್ಕೆ ಬಂದ 'ಪಬುಕ್' ಇಲ್ಲಿಯೂ ಪಬುಕ್ಕೇ ಆಗಿತ್ತು.

ನಮ್ಮದು ಮಹಿಳಾ ವೇದಿಕೆಯಾದ್ದರಿಂದ ಒಂದು ಮಾತು. ಅಮೆರಿಕದವರು 1953ರಿಂದ ಹರಿಕೇನ್‌ಗಳಿಗೆ ಬರೀ ಹೆಂಗಸರ ಹೆಸರಿಡುತ್ತಿದ್ದರು. ಹಾಳುಮಾಡುವುದು, ಚಂಚಲ ಬುದ್ಧಿ, ಯಾವಾಗ ಏನು ಮಾಡುತ್ತಾಳೋ ಹೇಳಲಾಗದು ಎಂಬ ವರ್ಣನೆಗಳೂ ಜೊತೆಗೆ ಬರುತ್ತಿದ್ದವು. ಫ್ಲೋರಿಡಾದ ರಾಕ್ಸಿ ಬೋಲ್ಟನ್ ಎಂಬ ಹೋರಾಟಗಾರ್ತಿ ಇದನ್ನು ಪಟ್ಟುಹಿಡಿದು ವಿರೋಧಿಸಿದರು. ಅಟ್ಲಾಂಟಿಕ್‌ನಲ್ಲಿ ಗಂಡಸರ ಹೆಸರೂ ಸೇರಿದ್ದು 1979ರಲ್ಲಿ. ನಮ್ಮ ಪುರಾಣಗಳಲ್ಲಿ ಗಾಳಿ ಮೊದಲಿನಿಂದಲೂ ಗಂಡೇ. ವಾಯು, ಮಾರುತ, ಪವನ ಎಲ್ಲರೂ ದೇವರೇ, ಹನುಮಂತ ಅವರ ಮಗ. ಹಾಗಾಗಿ ಈ ಬೈಗುಳ ನಮ್ಮ ತಲೆಗೆ ಬರಲಿಲ್ಲ.

ಹೆಸರಿನಿಂದ ಲಾಭ ಖಂಡಿತ ಇದೆ. 'ಹದಿನೈದು ಡಿಗ್ರಿ ಅಕ್ಷಾಂಶದಲ್ಲಿರುವ ವ್ಯವಸ್ಥೆ' ಎಂದರೆ ಯಾರಿಗೂ ನೆನಪಿರುವುದಿಲ್ಲ. ಒಂದೇ ಸಮಯಕ್ಕೆ ಎರಡು ಎದ್ದರೆ ಗೊಂದಲವಾಗುವುದಿಲ್ಲ. ಆದರೆ ಒಂದು ಅಪಾಯವೂ ಇದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಹೆಸರು ಬರುವುದು ಗಾಳಿಯ ವೇಗದಿಂದ. ದರ್ಜೆ ನಿಲ್ಲುವುದೂ ಗಾಳಿಯ ವೇಗದ ಮೇಲೆ. ಮಳೆ ಎಷ್ಟು, ನದಿ ಎಷ್ಟು ಏರುತ್ತದೆ, ಕಡಲು ಎಷ್ಟು ಒಳನುಗ್ಗುತ್ತದೆ ಎಂಬುದು ಈ ಎರಡರಲ್ಲೂ ಇಲ್ಲ. ಆದರೆ ಜೀವ ತೆಗೆಯುವುದು ಬಹಳ ಸಲ ನೀರು.

2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ಒಂದು ತೀವ್ರ ವಾಯುಭಾರ ಕುಸಿತ ದಡ ಸೇರಿತು. ಗಾಳಿ 63 ಮುಟ್ಟಿರಲಿಲ್ಲ, ಆದ್ದರಿಂದ ಅದಕ್ಕೆ ಹೆಸರಿಲ್ಲ. ನಿಸರ್ಗದ ಬಗ್ಗೆ ದಿನವಿಡೀ ಮಾತಾಡಿದ ಟಿ.ವಿ.ಗಳಿಗೆ ಅದು ದೊಡ್ಡ ಸುದ್ದಿಯೂ ಆಗಲಿಲ್ಲ. ಆ ಹೆಸರಿಲ್ಲದ್ದು ತೆಲಂಗಾಣ ಹೊಕ್ಕಿತು, ಹೈದರಾಬಾದಿನ ಬಡಾವಣೆಗಳು ಮುಳುಗಿದವು. ಉತ್ತರ ಕರ್ನಾಟಕದ ಮೇಲೆ ಹಾದು ಮಹಾರಾಷ್ಟ್ರಕ್ಕೆ ಬಂತು, ಸೊಲ್ಲಾಪುರ, ಪಂಢರಪುರದಲ್ಲಿ ಸುರಿಯಿತು. 14ರಂದು ಪುಣೆಯಲ್ಲೂ ಜೋರು ಮಳೆ, ರಸ್ತೆಗಳು ಹೊಳೆಯಾದವು.

ನಮ್ಮಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಮುಳಾ ಮುಠಾ ಸೇರಿ ಭೀಮೆಗೆ ಹೋಗುತ್ತವೆ. ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಉಜನಿ ಅಣೆಕಟ್ಟು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಆ ವರ್ಷ ಅಲ್ಲಿ ಮಳೆಯ ನೀರಿನ ಮೇಲೆ ಅಣೆಕಟ್ಟುಗಳಿಂದ ಬಿಟ್ಟ ನೀರೂ ಸೇರಿತು. ಭೀಮಾ ತೀರದ ಹಳ್ಳಿಗಳು ಜಲಾವೃತವಾದವು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು, ತೊಗರಿ, ಹತ್ತಿ, ಕಬ್ಬು ನೀರಲ್ಲಿ ನಿಂತವು. ಪುಣೆಯಲ್ಲಿ ಮಳೆ ನಿಂತು ಬಿಸಿಲು ಬಂದ ಮೇಲೂ ನಮ್ಮ ಊರಿನ ಕಡೆ ನೀರು ಏರುತ್ತಿತ್ತು. ನಮ್ಮ ವೇದಿಕೆಯಲ್ಲಿ ಆ ಭಾಗದಿಂದ ಬಂದವರಿದ್ದೀರಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 'ನಿಸರ್ಗ' ಎಂದರೆ ಎಲ್ಲರಿಗೂ ನೆನಪಾಗುತ್ತದೆ. ಇದನ್ನು ಯಾವ ಹೆಸರಿನಿಂದ ನೆನಪಿಡುವುದು?

ಹೆಸರು ಬಂದ ಮೇಲೂ ಇದೇ ತೊಂದರೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ 'ಫೆಂಗಲ್' ಹೆಸರು ಪಡೆದವುಗಳಲ್ಲಿ ಅತಿ ಕೆಳಗಿನ ದರ್ಜೆಯದು. ಆದರೆ ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ.ಗೂ ಹೆಚ್ಚು ಮಳೆಯಾಯಿತು. ಮರುದಿನ 'ಫೆಂಗಲ್ ದುರ್ಬಲಗೊಂಡಿದೆ' ಎಂದು ಸುದ್ದಿ ಬಂತು. ಆಮೇಲೆಯೇ ನಮ್ಮ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 50 ಸೆಂ.ಮೀ. ಸುರಿದದ್ದು, ತಿರುವಣ್ಣಾಮಲೆಯಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿದ್ದದ್ದು. 2025ರ ನವೆಂಬರ್‌ನಲ್ಲಿ ಶ್ರೀಲಂಕಾದಲ್ಲಿ ನೂರಾರು ಜನರ ಜೀವ ತೆಗೆದ 'ದಿತ್ವಾ' ಕೂಡ ಗಾಳಿಯ ಲೆಕ್ಕದಲ್ಲಿ ಬರೀ 'ಚಂಡಮಾರುತ'. ಕೊಂದದ್ದು ಪ್ರವಾಹ ಮತ್ತು ಭೂಕುಸಿತ. 'ದುರ್ಬಲಗೊಂಡಿದೆ' ಎಂದರೆ ಗಾಳಿ ದುರ್ಬಲವಾಗಿದೆ ಎಂದು ಅರ್ಥ, ಮಳೆ ಮುಗಿದಿದೆ ಎಂದಲ್ಲ. ಇದೊಂದು ಮಾತನ್ನು ದಯವಿಟ್ಟು ಮನೆಗೆ ತೆಗೆದುಕೊಂಡು ಹೋಗಿ.

ಎಚ್ಚರಿಕೆ ಯಾರಿಗೆ ತಲುಪುತ್ತದೆ ಎಂಬುದೂ ಅಷ್ಟೇ ಮುಖ್ಯ. 1991ರಲ್ಲಿ ಬಾಂಗ್ಲಾದೇಶದ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು. 20ರಿಂದ 44 ವಯಸ್ಸಿನವರನ್ನು ನೋಡಿದರೆ ಹೆಂಗಸರಲ್ಲಿ ಸಾವಿರಕ್ಕೆ 71 ಸಾವು, ಗಂಡಸರಲ್ಲಿ 15. ಗಾಳಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ, ಆದರೆ ಎಚ್ಚರಿಕೆಗೆ ಇತ್ತು. ಸುದ್ದಿ ಪೇಟೆಯಲ್ಲಿ, ಮಸೀದಿಯಲ್ಲಿ, ಚಹಾ ಅಂಗಡಿಯಲ್ಲಿ ಗಂಡಸರ ಕಿವಿಗೆ ಬೀಳುತ್ತಿತ್ತು. ಹೆಂಗಸರು ಮಕ್ಕಳನ್ನು, ಮುದುಕರನ್ನು, ದನಕರುಗಳನ್ನು ನೋಡಿಕೊಂಡು ಮನೆಯಲ್ಲಿದ್ದರು. ಗಂಡ ಬಂದು ಹೇಳುವ ತನಕ ಹೊರಡುವಂತಿರಲಿಲ್ಲ. ಆಶ್ರಯ ಕೇಂದ್ರಗಳಲ್ಲಿ ಹೆಂಗಸರಿಗೆ ಬೇರೆ ಜಾಗವಿರಲಿಲ್ಲ. ಉಟ್ಟ ಸೀರೆ ಈಜಲು ಬಿಡಲಿಲ್ಲ.

ಪಾಠ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಒಡಿಶಾ ಉದಾಹರಣೆ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅದಾದ ಮೇಲೆ ಊರೂರಿಗೆ ಆಶ್ರಯ ಕೇಂದ್ರ ಕಟ್ಟಿದರು, ಸ್ವಯಂಸೇವಕರನ್ನು ತಯಾರು ಮಾಡಿದರು. 2019ರ ಮೇ 3ರಂದು ಪುರಿಯನ್ನು ಬಡಿದ 'ಫನಿ' ಅತ್ಯಂತ ತೀವ್ರ ದರ್ಜೆಯದು. ಅಷ್ಟರೊಳಗೆ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ರಾಜ್ಯದಲ್ಲಿ ಸತ್ತವರು 64 ಜನ. ಒಂದು ಜೀವವೂ ಚಿಕ್ಕದಲ್ಲ, ಆದರೆ ಇಪ್ಪತ್ತು ವರ್ಷದಲ್ಲಿ ಆದ ವ್ಯತ್ಯಾಸ ನೋಡಿ.

ನಮ್ಮ ಪಶ್ಚಿಮ ಕರಾವಳಿಗೆ ಈ ಪಾಠ ಈಗ ಹೆಚ್ಚು ಬೇಕಾಗಿದೆ. ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ ಎಂದು ನಾವು ಶಾಲೆಯಲ್ಲಿ ಓದಿದ್ದು. 2019ರಲ್ಲಿ ಅರಬ್ಬಿ ಸಮುದ್ರವೊಂದರಲ್ಲೇ ಐದು ಎದ್ದವು. ನಮ್ಮ ಐಐಟಿಎಂನ ಮೇಧಾ ದೇಶಪಾಂಡೆ ಮತ್ತು ಸಂಗಡಿಗರು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವಂತೆ, 2001ರ ನಂತರದ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಹಿಂದಿನ ಅವಧಿಗಿಂತ ಶೇ. 52ರಷ್ಟು ಹೆಚ್ಚಾಗಿದೆ, ಅವು ಬದುಕಿರುವ ಕಾಲ ಶೇ. 80ರಷ್ಟು ಹೆಚ್ಚಾಗಿದೆ. ಕಡಲು ಬೆಚ್ಚಗಾಗುತ್ತಿರುವುದೇ ಇದರ ಹಿಂದಿರುವ ದೊಡ್ಡ ಕಾರಣ. ಅನ್ನಾ ಮಣಿಯವರು ದುಡಿದ ಊರಿನಲ್ಲಿ ಇಂದೂ ಹೆಣ್ಣುಮಗಳೊಬ್ಬರು ಇಂಥ ಅಧ್ಯಯನದ ಮುಂದಾಳು ಎಂಬುದು ನಮಗೆ ಹೆಮ್ಮೆ.

ಕೊನೆಯದಾಗಿ, ಮುಂದಿನ ಸಲ ಎಚ್ಚರಿಕೆ ಬಂದಾಗ ಏನನ್ನು ನೋಡಬೇಕು? ಹೆಸರು ಚೆನ್ನಾಗಿದೆಯೋ ಇಲ್ಲವೋ ಬಿಡಿ. ಮೊದಲು, ನಿಮ್ಮ ಜಿಲ್ಲೆಗೆ ಯಾವ ಬಣ್ಣ ಹಾಕಿದ್ದಾರೆ ನೋಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕೆಲಸಕ್ಕೆ ಇಳಿಯಿರಿ. ಎರಡು, ಮಳೆಯ ಮುನ್ಸೂಚನೆ ಬೇರೆಯಾಗಿ ಓದಿ. 'ಅತಿ ಭಾರಿ' ಎಂಬ ಮಾತು ದರ್ಜೆಗಿಂತ ಮುಖ್ಯ. ಮೂರು, ಪ್ರಕಟಣೆಯ ಸಮಯ ನೋಡಿ. ಕೆಲವದರಲ್ಲಿ ಯುಟಿಸಿ ಎಂದಿರುತ್ತದೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ನಿನ್ನೆಯ ನಕ್ಷೆಯನ್ನು ಇವತ್ತು ಗುಂಪಿಗೆ ಕಳಿಸಬೇಡಿ. ನಾಲ್ಕು, ಮೂಲ ನೋಡಿ. ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್ ಇದೆ, ಸಿಡಿಲಿನ ಎಚ್ಚರಿಕೆಗೆ ನಮ್ಮ ಐಐಟಿಎಂನವರೇ ಮಾಡಿದ 'ದಾಮಿನಿ' ಇದೆ. ಎರಡನ್ನೂ ಇವತ್ತೇ ಹಾಕಿಕೊಳ್ಳಿ, ಗೊತ್ತಾಗದಿದ್ದರೆ ಕೂಟ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ತೋರಿಸುತ್ತೇನೆ.

ಐದನೆಯದು ನಮ್ಮ ಕೈಯಲ್ಲೇ ಇರುವುದು. ಆ ಸುದ್ದಿಯನ್ನು ಕೇಳಿಸಿಕೊಳ್ಳಲು ಸಮಯವಿಲ್ಲದವರಿಗೆ ನಾವೇ ಹೇಳುವುದು. ನಮ್ಮ ಮನೆಗೆ ಬರುವ ಕೆಲಸದಾಕೆ, ಸೊಸೈಟಿಯ ವಾಚ್‌ಮನ್, ನದಿಯ ದಂಡೆಯ ಬಸ್ತಿಯಲ್ಲಿರುವ ತರಕಾರಿ ಮಾರುವಾಕೆ ಇವರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ಎರಡು ಮಾತು. ಭೀಮಾ ತೀರದಲ್ಲಿರುವ ಅತ್ತೆ, ಚಿಕ್ಕಮ್ಮ, ಅಣ್ಣಂದಿರಿಗೆ ಒಂದು ಫೋನು: 'ಇಲ್ಲಿ ಜೋರು ಮಳೆ ಬರ್ತಿದೆ, ಅಣೆಕಟ್ಟು ತುಂಬಿದೆ, ನೀರು ಬಿಡಬಹುದು, ದನಗಳನ್ನ ಮೇಲಕ್ಕೆ ಕಟ್ಟಿ.' ಮೇಲಿನ ಊರಿನಲ್ಲಿ ಇರುವವರಾಗಿ ನಮಗೆ ಅದು ಒಂದೆರಡು ದಿನ ಮೊದಲೇ ಗೊತ್ತಾಗುತ್ತದೆ. ಅಷ್ಟು ಹೊತ್ತು ಮುಂಚೆ ತಿಳಿದರೆ ಅವರಿಗೆ ಬಹಳ ಉಪಕಾರವಾಗುತ್ತದೆ.